ಕೊಂಬಿನವ್ವನ ಮೇಲಿನ ಕಲ್ಲುಗಳು

ಈ ತಿಂಗಳ ಮೂರನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ಏಳೂಕಾಲು ಗಂಟೆ. ಸ್ಥಳ, ಚನ್ನಪಟ್ಟಣದ ನಮ್ಮ ಮನೆಯ ನಡುಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ, ಈಳಿಗೆಮಣೆ ಮತ್ತು ಒಂದು ಎಳೆಯ ಸೋರೆಕಾಯಿ.

ಹೀಗೆ ಬರೆದರೆ ನೀವು ನಗುತ್ತೀರಿ, ಬಲ್ಲೆ. ಆದರೆ ರೈಲ್ವೆಯಲ್ಲಿ ಆಯುಸ್ಸು ಸವೆಸಿದವನು ಯಾವ ಸಂಗತಿಯನ್ನೂ ದಿನ, ಹೊತ್ತು, ಹಾಜರಿ ಇಲ್ಲದೆ ಶುರುಮಾಡಲಾರ. ಮದುವೆಯಾದ ಹೊಸದರಲ್ಲಿ ತವರಿನಲ್ಲಿದ್ದ ಇವಳಿಗೆ ನಾನು ಬರೆದ ಮೊದಲ ಕಾಗದದಲ್ಲಿ, "ಇಲ್ಲಿ ಮಳೆ ಸಕಾಲಕ್ಕೆ ಬಂದಿದೆ, ನಾನು ಸಕಾಲಕ್ಕೆ ಊಟ ಮಾಡುತ್ತಿದ್ದೇನೆ" ಎಂಬೆರಡು ವಾಕ್ಯಗಳ ಹೊರತು ಬೇರೇನೂ ಇರಲಿಲ್ಲವಂತೆ. ಮನೆಗೆ ಬಂದವರಿಗೆಲ್ಲ ಅದನ್ನು ಈಗಲೂ ಹೇಳುತ್ತಾಳೆ.

ಸೋರೆಕಾಯಿ ಜಾರಿತು. ಈಳಿಗೆ ಬೆರಳಿಗೆ ತಾಗಿತು. ಇವಳು ಅಯ್ಯೋ ಅನ್ನಲಿಲ್ಲ, ಅಮ್ಮಾ ಅನ್ನಲಿಲ್ಲ. ಬೆರಳನ್ನು ಸೀದಾ ಬಾಯಿಗಿಟ್ಟುಕೊಂಡು ಚೀಪತೊಡಗಿದಳು.

"ಏನೇ ಇದು, ರಕ್ತ ಕುಡೀತಿದೀಯಲ್ಲ?" ಎಂದೆ.

"ನನ್ನ ರಕ್ತ ನಾನು ಕುಡಿದ್ರೆ ನಿಮಗೇನು ನಷ್ಟ? ಇಷ್ಟು ವರ್ಷ ನೀವು ಕುಡಿದು ಉಳಿಸಿರೋದೇ ಇಷ್ಟು" ಎಂದು ಬಾಯಲ್ಲಿ ಬೆರಳಿಟ್ಟುಕೊಂಡೇ ಹೇಳಿದಳು.

ಗಾಯವಾದ ಬೆರಳು ಬಾಯಿಗೆ ಹೋಗುವುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮಗುವೂ ಹಾಗೆಯೇ ಮಾಡುತ್ತದೆ, ಅಮಲ್ದಾರರೂ ಹಾಗೆಯೇ ಮಾಡುತ್ತಾರೆ. ಬಾಯಿ ಮನುಷ್ಯನ ಮೊದಲ ಔಷಧಾಲಯ. ಇದನ್ನು ಯೋಚಿಸುತ್ತ ಕೂತವನಿಗೆ ಕೊಂಬಿನವ್ವ ನೆನಪಾದಳು.

ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಬೆಳೆದದ್ದು. ಏಳೆಂಟು ವರ್ಷದವನಿದ್ದಾಗ ನನ್ನ ಮೊಣಕಾಲು ಊದಿಕೊಂಡು ಕುಂಬಳಕಾಯಿಯ ಹಾಗಾಯಿತು. ನಮ್ಮಜ್ಜಿ ಬೇವು ಕಟ್ಟಿದಳು, ಬಿಸಿ ಉಪ್ಪಿನ ಗಂಟು ಒತ್ತಿದಳು, ದೇವರಿಗೆ ಮುಡಿಪು ಕಟ್ಟಿದಳು. ಯಾವುದಕ್ಕೂ ಕಾಲು ಬಗ್ಗಲಿಲ್ಲ. ಆಗ ಬೀದಿಯಲ್ಲಿ ಕೊಂಬಿನವ್ವನ ಕೂಗು ಕೇಳಿಸಿತು: "ಕೊಂಬಾಕ್ತೀನವ್ವೋ, ಕೊಂಬು! ಕೆಟ್ಟ ರಕ್ತ ತೆಗೀತೀನವ್ವೋ!"

ನನ್ನನ್ನು ಹೊರಜಗಲಿಯ ಮೇಲೆ ಮಲಗಿಸಿದರು. ಅವಳ ಜೋಳಿಗೆಯಲ್ಲಿ ಎಮ್ಮೆಯ ಕರುವಿನ ಸಣ್ಣ ಕೊಂಬುಗಳಿದ್ದವು. ಉಜ್ಜಿ ಉಜ್ಜಿ ಕನ್ನಡಿಯಂತಾಗಿದ್ದವು. ಮೊನೆಯಲ್ಲಿ ಸೂಜಿ ಹೋಗುವಷ್ಟು ತೂತು. ಮೊಣಕಾಲಿನ ಪಕ್ಕದಲ್ಲಿ ಚರ್ಮವನ್ನು ಅಲಗಿನಿಂದ ಮೂರು ಕಡೆ ಗೀರಿದಳು. ಕೊಂಬಿನ ಅಗಲದ ಬಾಯನ್ನು ಅದರ ಮೇಲಿಟ್ಟಳು. ಮೊನೆಗೆ ತನ್ನ ಬಾಯಿಟ್ಟು ಕೆನ್ನೆ ಗುಳಿಬೀಳುವ ಹಾಗೆ ಉಸಿರೆಳೆದಳು. ಎಳೆದ ಉಸಿರು ಹಿಂದಕ್ಕೆ ಹೋಗುವ ಮೊದಲೇ, ದವಡೆಯಲ್ಲಿ ಇಟ್ಟುಕೊಂಡಿದ್ದ ಜೇನುಮೇಣದ ಉಂಡೆಯನ್ನು ನಾಲಿಗೆಯಿಂದಲೇ ತಳ್ಳಿ ತೂತು ಮುಚ್ಚಿದಳು. ಕೊಂಬು ಜಿಗಣೆಯ ಹಾಗೆ ಕಚ್ಚಿಕೊಂಡು ನಿಂತಿತು. ಸ್ವಲ್ಪ ಹೊತ್ತಿಗೆ ತೆಗೆದಾಗ ಕಪ್ಪು ರಕ್ತ ಕೆಳಗೆ ಹರಡಿದ್ದ ಬೂದಿಯ ಮೇಲೆ ಬಿತ್ತು. ಅವಳು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ದೂರ ಉಗಿದು ಬಂದಳು. ಅವಳ ತುಟಿಯಂಚಿನಲ್ಲಿ ಒಂದು ಕೆಂಪು ಗೆರೆ ಉಳಿದಿತ್ತು.

ನಾನು ಅಳುತ್ತ ಕೇಳಿದೆ, "ನನ್ನ ರಕ್ತ ಕುಡಿದುಬಿಟ್ಟೆಯಾ?"

ಅವಳು ಗೊಳ್ಳೆಂದು ನಕ್ಕಳು. "ರಕ್ತ ಕುಡುದ್ರೆ ಹೊಟ್ಟೆ ತುಂಬಂಗಿದ್ರೆ, ನಿಮ್ಮಜ್ಜೀನ ರಾಗಿ ಕೇಳಾಕೆ ನಾನ್ಯಾಕಪ್ಪಾ ಬತ್ತಿದ್ದೆ?"

ಮೂರನೆಯ ದಿನ ನನ್ನ ಕಾಲು ಬಗ್ಗಿತು. ಆಮೇಲೆ ಅದೇ ಕಾಲಿನಲ್ಲಿ ಪ್ಲಾಟ್‌ಫಾರ್ಮುಗಳ ಮೇಲೆ ಮೂವತ್ತು ವರ್ಷ ನಡೆದೆ.

ನನ್ನ ನಡುವಯಸ್ಸಿನಲ್ಲಿ ರಾಮದೇವರ ಬೆಟ್ಟದ ಪಕ್ಕದ ಕ್ಲೋಸ್‌ಪೇಟೆಗೆ ಸ್ಟೇಷನ್ ಮಾಸ್ಟರಾಗಿ ವರ್ಗವಾಗಿ ಬಂದೆ. ಬಂದ ಮೊದಲ ಭಾನುವಾರವೇ ಒಂದು ವಿಚಿತ್ರ ಕಂಡೆ. ಬೆಂಗಳೂರಿನ ಗಾಡಿಯಿಂದ ದಂಡಿನ ದೊರೆಗಳು, ದೊರೆಸಾನಿಯರು, ಕೋಟು ತೊಟ್ಟ ವಕೀಲರು, ಬುತ್ತಿಯ ಬುಟ್ಟಿ ಹೊತ್ತ ಬಟ್ಲರುಗಳು ಇಳಿಯುತ್ತಿದ್ದರು. ಇಷ್ಟು ದೊಡ್ಡ ಮನುಷ್ಯರಿಗೆ ನಮ್ಮ ಪೇಟೆಯಲ್ಲೇನು ಕೆಲಸ ಎಂದು ನೋಡುವಷ್ಟರಲ್ಲಿ ಗೇಟಿನ ಆಚೆಯಿಂದ ಜಟಕಾದ ಕರೀಂ ಕೂಗುತ್ತಿದ್ದ: "ಬನ್ನಿ ಸ್ವಾಮೀ, ಬನ್ನಿ! ರಕ್ತ ಕುಡಿಯೋಳ ಗುಡ್ಡೆ! ನೋಡಿ ಹೆದರ್ಕೊಂಡು ಊಟದ ಹೊತ್ತಿಗೆ ವಾಪಸ್ಸು!"

ಮಾಗಡಿ ರಸ್ತೆಯಲ್ಲಿ ಜಟಕಾದಲ್ಲಿ ಗಂಟೆಯ ಹಾದಿ, ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಇನ್ನೂ ಇದ್ದಾರೆ. ಊರಾಚೆ ಬಂಡೆಯ ಬುಡದಲ್ಲಿ ಆಳೆತ್ತರದ ಕಲ್ಲಿನ ರಾಶಿ. ಪ್ಲೇಗು ಬಂದ ವರ್ಷ ಅಲ್ಲೊಬ್ಬಳನ್ನು ಹೂತರಂತೆ. ಅವಳು ಮನೆಮನೆಗೆ ಹೋಗಿ ರೋಗಿಗಳ ರಕ್ತ ಹೀರುತ್ತಿದ್ದಳಂತೆ. ಸತ್ತ ಮೇಲೂ ಎದ್ದುಬಂದು ಹೀರಿದಳಂತೆ. ಅವಳು ಏಳದಿರಲೆಂದು ಊರವರು ಕಲ್ಲು ಹಾಕಿದರು. ಆ ಸೀಮೆಯ ಪದ್ಧತಿ ಅದು: ಅಂಥ ಗುಡ್ಡೆಯನ್ನು ಹಾಯುವವರು ಒಂದೊಂದು ಕಲ್ಲು ಹಾಕಿ "ಏಳಬ್ಯಾಡ" ಎಂದು ಹೇಳಿ ಮುಂದೆ ಹೋಗಬೇಕು.

ಬಂಡೆಗಳ ಚಿತ್ರ ಬರೆಯಲು ಬಂದಿದ್ದ ಒಬ್ಬ ದೊರೆಗೆ ಕರೀಂ ಈ ಕಥೆ ಹೇಳಿದನಂತೆ. ಆತ ಕುಣಿದಾಡಿಬಿಟ್ಟ. ಅವರ ಸೀಮೆಗಳಲ್ಲೂ ರಕ್ತ ಕುಡಿಯುವ ಹೆಣಗಳ ಕಥೆ ಬಹಳವಂತೆ. ಊರಿಗೆ ಮಾರಿ ಬಂದಾಗಲೆಲ್ಲ ಅಲ್ಲಿಯವರೂ ಯಾರದೋ ಗೋರಿ ಅಗೆದು, ಎದೆಗೆ ಗೂಟ ಬಡಿದು ಸಮಾಧಾನಪಟ್ಟುಕೊಳ್ಳುತ್ತಿದ್ದರಂತೆ. ಮುಂದಿನ ವಾರ ನಾಲ್ವರು ಬಂದರು, ಅದರ ಮುಂದಿನ ವಾರ ಡಬ್ಬಿ ತುಂಬ ಬಂದರು. ಪ್ರತಿ ಸಲವೂ ಕರೀಮನ ಕಥೆಗೆ ಒಂದು ಹಲ್ಲು ಹೆಚ್ಚಾಗುತ್ತಿತ್ತು. ಇಲ್ಲಿ ಚನ್ನಪಟ್ಟಣದಲ್ಲಿ ಅವನ ಭಾವಮೈದುನ ಬೊಂಬೆ ಕಡೆಯುವವನು. ಅವನು ಬಾಯಿಗೆ ಕೆಂಪು ಅರಗು ಹಚ್ಚಿದ ಮುದುಕಿಯ ಬೊಂಬೆ ಮಾಡಿ ಸ್ಟೇಷನ್ನಿನ ಹೊರಗೆ ಮಾರಿಸಿದ. ಮೇಲಿನವರು ನಮಗೊಂದು ಹೊಸ ಬೆಂಚು ಕಳಿಸಿದರು. ನಾನು ಅದನ್ನು ದಿನಕ್ಕೆರಡು ಸಲ ಒರೆಸಿಸುತ್ತಿದ್ದೆ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಓಡಿಬಂದು ಹೇಳಿದ, "ಸ್ವಾಮೀ, ಗೇಟ್ ತಾವ ಒಬ್ಳು ಹೆಂಗ್ಸು ಇಳಿಯೋರ್ನೆಲ್ಲ ತಡೆದು ಅದೇನೋ ಕೇಳ್ತಾವ್ಳೆ."

ಹೋಗಿ ನೋಡಿದೆ. ನಲವತ್ತರ ಹತ್ತಿರದ ಹೆಂಗಸು. ಮಾಸಿದ ಸೀರೆ, ಹೆಗಲ ಮೇಲೊಂದು ಗಂಟು, ನಡೆದು ನಡೆದು ಧೂಳಾದ ಕಾಲು. ಟಿಕೆಟ್ಟು ಕೊಟ್ಟು ಹೊರಗೆ ಬರುವ ಒಬ್ಬೊಬ್ಬರ ಮುಂದೆಯೂ ಕೈಮುಗಿದು ಒಂದೇ ಮಾತು: "ನಮ್ಮವ್ವನ ಮ್ಯಾಲೆ ಕಲ್ಲಾಕಿದ್ರಾ ಬುದ್ಧೀ? ನೀವಾಕಿದ್ರಾ ತಾಯೀ?"

ಹುಚ್ಚಿ ಎಂದು ಜನ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ನಾನು ನಿಯಮದ ಮನುಷ್ಯ. "ಏನಮ್ಮಾ ಇದು? ಪ್ರಯಾಣಿಕರ ದಾರಿಗೆ ಅಡ್ಡ ನಿಲ್ಲಬಾರದು" ಎಂದೆ.

"ಅಡ್ಡ ನಿಲ್ಲಾಕಿಲ್ಲ ಬುದ್ಧೀ. ಕಲ್ಲಾಕಿದೋರು ಸಿಕ್ಕಿದ್ರೆ ಕರ್ಕಂಡೋಯ್ತೀನಿ."

ಹೊಸ ಬೆಂಚಿನ ಮೇಲೆ ಕೂರು ಎಂದೆ. ಅವಳು ಕೂರಲಿಲ್ಲ, ಅದರ ಕಾಲಿಗೆ ಒರಗಿ ನೆಲದ ಮೇಲೆ ಕೂತಳು. ಹೆಸರು ದೇವೀರಮ್ಮ. ಕಾನಕಾನಹಳ್ಳಿ ಸೀಮೆಗೆ ಮದುವೆಯಾಗಿ ಹೋದವಳು. ಗುಡ್ಡೆಯ ಕೆಳಗಿರುವವಳು ಇವಳ ತಾಯಿ.

"ಅಮಾಸೆಗೆ ಎಡೆ ಇಕ್ಕಬೇಕು ಬುದ್ಧೀ" ಎಂದಳು. "ಎಡೆ ಇಕ್ಕಿದ್ರೆ ಏನಂತ ಕರೀತೀವಿ? ಏಳವ್ವ, ಬಾ, ಉಣ್ಣು ಅಂತೀವಿ. ಮ್ಯಾಲೆ ಅಷ್ಟು ಕಲ್ಲು ಕುಂತ್ಕಂಡು ಏಳಬ್ಯಾಡ ಏಳಬ್ಯಾಡ ಅಂತಾವೆ. ಅವಳು ಯಾರ ಮಾತು ಕೇಳ್ಬೇಕು? ಇಷ್ಟು ವರ್ಸ ಉಪಾಸ ಅವ್ಳೆ."

"ಕಲ್ಲು ತೆಗೆಸಿಬಿಟ್ಟರಾಯಿತಲ್ಲ?"

"ಆಕಿದ ಕೈಯೇ ತೆಗೀಬೇಕಂತೆ. ಊರೋರ್ದು ಅವರು ತೆಗೀಬೋದು. ಟೇಸನ್ನಿಂದ ಬಂದೋರ್ದು ಯಾರು ತೆಗೀತಾರೆ, ಹೋಗಿ ಅವರನ್ನೇ ಕೇಳು ಅಂದ್ರು ಪಟೇಲ್ರು. ಅದ್ಕೆ ಬಂದೆ."

ಪಟೇಲರು ಬಾಯಿ ಮುಚ್ಚಿಸಲು ಹೇಳಿದ ಮಾತನ್ನು ಈಕೆ ಅಪ್ಪಣೆಯೆಂದು ತಿಳಿದು, ಹಿಂದಿನ ದಿನದಿಂದ ಗೇಟಿನಲ್ಲಿ ನಿಂತಿದ್ದಳು. ಮುಂದಿನ ವರ್ಷ ಮಾಡಬಾರದೇ ಎಂದೆ. ಅವಳು ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಒತ್ತಿಕೊಂಡಳು. "ಒಳಗೆ ಗಡ್ಡೆ ಆಗೈತೆ. ಆಸ್ಪತ್ರೆ ದೊರೆಸಾನಿ ಮುಂದಿನ ವರ್ಸದ ಮಾತು ಆಡ್ನಿಲ್ಲ. ನಂಗೆ ಮಕ್ಕಳಿಲ್ಲ ಬುದ್ಧೀ. ನಾನು ಹೋದ ಮ್ಯಾಕೆ ಅವ್ವನ ಕರೆಯೋರು ಯಾರು?"

ತಾಯಿ ನಿಜವಾಗಿ ಏನು ಮಾಡುತ್ತಿದ್ದಳು ಎಂದು ಕೇಳಿದೆ.

"ಕೊಂಬಾಕೋಳು. ಪಿಳೇಗಿನ ಗಡ್ಡೆಗೂ ಕೊಂಬಾಕಿದ್ಲು. ಎಲ್ಲಾರೂ ಊರು ಬುಟ್ಟು ಗುಡ್ಲಾಕ್ಕಂಡ್ರು. ಇವಳೊಬ್ಳು ಬಿದ್ದೋರ ಮನೆ ಮನೆಗೆ ಹೋದ್ಲು. ಬದುಕ್ನಿಲ್ಲ ಅವರು. ಆಮ್ಯಾಕೆ ಅವಳೂ ಬದುಕ್ನಿಲ್ಲ."

ಮಾಗಡಿ ಕಡೆಯೂ ಬರುತ್ತಿದ್ದಳೇ ಎಂದೆ. "ಬತ್ತಿದ್ಲು. ನನ್ನ ಸೊಂಟದ ಮ್ಯಾಲೆ ಇಟ್ಕಂಡು ಆ ಕಡೆ ಎಲ್ಲ ಸುತ್ತಿದ್ಲು" ಎಂದಳು. ಅದಕ್ಕೂ ಮುಂಚೆ, ಮಗಳು ಹುಟ್ಟುವ ಮುಂಚೆಯೂ ಸುತ್ತಿರಬೇಕು. ಸ್ಟೇಷನ್ ಮಾಸ್ಟರನು ಪ್ಲಾಟ್‌ಫಾರ್ಮಿನ ಮೇಲೆ ನಿಂತು ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡರೆ ಚೆನ್ನಾಗಿ ಕಾಣುವುದಿಲ್ಲ. ನಾನು ಒಳಗೆ ಹೋಗಿ ನೀರು ಕುಡಿದು ಬಂದೆ.

ಅಮಾವಾಸ್ಯೆಯ ದಿನಕ್ಕೆ ರಜ ಹಾಕಿದೆ. ಸಹಾಯಕನಿಗೆ ಬೀಗದ ಕೈ ಒಪ್ಪಿಸಿ, ಬೆಳಗಿನ ಗಾಡಿ ಹೋದ ಮೇಲೆ ದೇವೀರಮ್ಮನನ್ನು ಕರೆದುಕೊಂಡು ಕರೀಮನ ಜಟಕಾ ಹತ್ತಿದೆ. ಅವನ ಮುಖ ಬಿಗಿದುಕೊಂಡಿತ್ತು. ಅಮಾವಾಸ್ಯೆಯಂದು ರಕ್ತ ಕುಡಿಯೋಳು ಎದ್ದುಬರುತ್ತಾಳೆಂದು ತಿಂಗಳಿಂದ ಸಾರಿ, ಮಧ್ಯಾಹ್ನದ ಗಾಡಿಗೆ ದೊಡ್ಡ ಪಾರ್ಟಿಯನ್ನೇ ಗೊತ್ತುಮಾಡಿದ್ದ. ಹಿಂದಿನಿಂದ ದೇವೀರಮ್ಮ ತನಗೆ ತಾನೇ ಅವ್ವನಿಗೆ ಮಾಡಬೇಕಾದ ಅಡುಗೆಯ ವಿಚಾರ ಹೇಳಿಕೊಳ್ಳುತ್ತ ಬಂದಳು. ಅವನು ಒಮ್ಮೆಯೂ ಕುದುರೆಯನ್ನು ಬೈಯಲಿಲ್ಲ. ಅವನಿಗೆ ಅದು ಹೊಸದು.

ಪಟೇಲರ ಚಾವಡಿಯಲ್ಲಿ ಊರು ಸೇರಿತು. ನಾನು ಹಾದಿಯುದ್ದಕ್ಕೂ ತಯಾರಿಸಿಕೊಂಡಿದ್ದ ವಾದವನ್ನು ಮಂಡಿಸಿದೆ. "ರೈಲಿನಲ್ಲಿ ಬಂದವರು ಬಿಟ್ಟುಹೋದ ಕೊಡೆ, ಬುಟ್ಟಿ, ಜೋಡು, ಏನಿದ್ದರೂ ಅದು ಸ್ಟೇಷನ್ ಮಾಸ್ಟರನ ವಶ. ವಾರಸುದಾರರು ಬರದಿದ್ದರೆ ವಿಲೇವಾರಿ ಮಾಡುವ ಅಧಿಕಾರ ನನ್ನದು. ಅವರ ಕಲ್ಲುಗಳಿಗೆ ನನ್ನ ಕೈಯೇ ಅವರ ಕೈ."

ಪಟೇಲರು ಮೀಸೆ ಸವರಿದರು. "ಚೆನ್ನಾಗೈತೆ ಮಾಸ್ಟ್ರೇ. ಆದ್ರೆ ಕೊಡೆ ಮರ್ತು ಬುಟ್ಟೋಯ್ತಾರೆ. ಕಲ್ಲ ಯಾರೂ ಮರ್ತು ಬುಟ್ಟೋಗಿಲ್ಲ. ಬೇಕೂಂತ ಎಸ್ದವ್ರೆ. ಎರಡೂ ಒಂದೇಯಾ?"

"ಕಲ್ಗೂ ಟಿಕೀಟು ಹರೀತಾರೆ ಕಣ್ಲಾ ಮಾಸ್ಟ್ರು" ಎಂದು ಹಿಂದಿನಿಂದ ಯಾರೋ ಅಂದರು. ಚಾವಡಿ ನಕ್ಕಿತು. ನನ್ನ ವಾದ ಅಲ್ಲಿಗೆ ಹಳಿ ತಪ್ಪಿತು. ದೇವೀರಮ್ಮ ಕಂಬದ ಬುಡದಲ್ಲಿ ಗಂಟನ್ನು ತಬ್ಬಿಕೊಂಡು ಕೂತಿದ್ದಳು. ನನ್ನ ಕಡೆ ನೋಡಲಿಲ್ಲ.

ಜಟಕಾದ ಪಕ್ಕದಲ್ಲಿ ನಿಂತಿದ್ದ ಕರೀಂ ಚಾವಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ಬಂದ.

"ಪಟೇಲ್ರೇ, ದೊರೆಸಾನಿ ಬಗ್ಗಿ ಕಲ್ಲು ಎತ್ತಿದ್ದು ನೀವು ನೋಡಿದೀರಾ?"

"ನಾನ್ಯಾಕೆ ದೊರೆಸಾನಿ ಬಗ್ಗೋದ ನೋಡ್ಲಿ?"

"ಯಾರೂ ನೋಡಿಲ್ಲ. ಯಾಕಂದ್ರೆ ಅವರು ಬಗ್ಗಿಲ್ಲ. ಕೈಗವಸು ಕೊಳೆ ಆಗ್ತದೆ ಅಂತ ನಾನೇ ಆರಿಸಿ ತರ್ತಿದ್ದೆ. ಅವರು ಒಂದು ಬೆರಳು ತಾಗ್ಸೋರು, ಎಸೆಯೋನು ನಾನು. ವಕೀಲ್ರದ್ದೂ ನಾನೇ, ಬಟ್ಲರ್ದೂ ನಾನೇ. ರೈಲಿಂದ ಬಂದ ಕಲ್ಲೆಲ್ಲ ಈ ಕೈದು." ಕೈ ಚಾಚಿ ತೋರಿಸಿದ. "ಅಲ್ಲಾ ಮೇಲಾಣೆ."

"ಗುಡ್ಡೆ ಹೋದ್ರೆ ನಿನ್ನ ಜಟಕಾಕ್ಕೆ ಯಾವನ್ಲಾ ಹತ್ತಾನೆ?" ಎಂದರು ಪಟೇಲರು.

"ಹತ್ತಿದ್ರೆ ಹತ್ತಲಿ, ಇಲ್ದಿದ್ರೆ ಸೌದೆ ಹೇರ್ತೀನಿ. ಆಯಮ್ಮ ಜಟಕಾದಾಗೆ ಅವ್ವನಿಗೆ ಖಾರ ಜಾಸ್ತಿ ಬೇಕು ಅಂತಿದ್ಲು. ಇಷ್ಟು ದಿನ ನಾನು ಹೇಳ್ತಿದ್ದ ಕಥೆಯಾಗೆ ಖಾರ ತಿನ್ನೋಳು ಯಾರೂ ಇರ್ಲಿಲ್ಲ ಪಟೇಲ್ರೇ."

ಊರವರ ಕಲ್ಲಿನ ಮಾತು ಇನ್ನೂ ಉಳಿದಿತ್ತು. ಮೊದಲು ಯಾರು ಮುಟ್ಟಬೇಕು? ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಪಟೇಲರ ತಾಯಿ ಕೋಲೂರಿಕೊಂಡು ಒಳಗಿನಿಂದ ಬಂದರು. "ನಡೀರ್ಲಾ. ನನ್ನ ಕಲ್ಲ ನಾನು ತೆಗೀತೀನಿ. ಈ ನನ್ಮಗ ಹುಟ್ಟಿದಾಗ ನನ್ನ ಮೊಲೆಬಾವು ಇಳಿಸಿದ್ದು ಅವಳೇಯ. ಇಲ್ದಿದ್ರೆ ಇವನು ಯಾವ ಹಾಲು ಕುಡ್ದು ಪಟೇಲ ಆಯ್ತಿದ್ದ?"

ಪಟೇಲರು ತಲೆ ತಗ್ಗಿಸಿ ಎದ್ದರು.

ಕರೀಂ ಅಂಗಿ ಬಿಚ್ಚಿ ಮೇಲಿನಿಂದ ಶುರುಮಾಡಿದ. ರೈಲಿನ ಕಲ್ಲುಗಳೆಲ್ಲ ಮೇಲಿದ್ದವು. ಅವನೊಬ್ಬನೇ ಬಿಸಿಲೇರುವವರೆಗೂ ಎತ್ತಿ ಎತ್ತಿ ಹಾಕಿದ. ನಾನು ಅಭ್ಯಾಸಬಲದಿಂದ ಇಂಥಲ್ಲಿ ಸಾಲಾಗಿ ಜೋಡಿಸು, ಅಂಥಲ್ಲಿ ದಾರಿ ಬಿಡು ಎಂದು ಸೂಚನೆ ಕೊಡುತ್ತಿದ್ದೆ. "ಸ್ವಾಮೀ, ನೀವು ಒಸಿ ಆ ನೆರಳಾಗೆ ಕುಂತ್ಕಂಡ್ರೆ ಬೇಗ ಆಗ್ತದೆ" ಎಂದ. ಕುಳಿತೆ.

ಆಮೇಲೆ ಊರವರು ಬಂದರು. ಒಬ್ಬೊಬ್ಬರೂ ಒಂದೊಂದು ಕಲ್ಲೆತ್ತಿ ಬಂಡೆಯ ಆಚೆ ಇಟ್ಟುಬಂದರು. ಸತ್ತುಹೋದ ತಂದೆಯ ಕಲ್ಲನ್ನು ಮಗ ತೆಗೆದ, ಅತ್ತೆಯ ಕಲ್ಲನ್ನು ಸೊಸೆ ತೆಗೆದಳು. ಎಲ್ಲರದೂ ಮುಗಿದ ಮೇಲೂ ಒಂದು ಮೊಣಕಾಲೆತ್ತರದ ರಾಶಿ ಉಳಿಯಿತು. ಅವು ಆಮೇಲಿನ ಪ್ಲೇಗುಗಳಲ್ಲಿ ದೀಪ ಆರಿಹೋದ ಮನೆಗಳವರು ಹಾಕಿದ್ದ ಕಲ್ಲುಗಳು. ತೆಗೆಯುವ ಕೈಯೇ ಇರಲಿಲ್ಲ.

ಪಟೇಲರು ನನ್ನ ಕಡೆ ತಿರುಗಿದರು. ಈ ಸಲ ನಗು ಇರಲಿಲ್ಲ. "ಮಾಸ್ಟ್ರೇ, ವಾರಸುದಾರರು ಇಲ್ದಿರೋದು ನಿಮ್ಮ ವಶ ಅಂದ್ರಲ್ಲ? ಇವು ನಿಮ್ಮವು."

ನಾನು ಕೋಟು ಮಡಿಸಿಟ್ಟು ಬಗ್ಗಿದೆ. ಒಂದೊಂದು ಕಲ್ಲೆತ್ತಿದಾಗಲೂ ಪಟೇಲರ ತಾಯಿ ಪಕ್ಕದಲ್ಲಿ ನಿಂತು ಒಂದೊಂದು ಮನೆಯ ಹೆಸರು ಹೇಳುತ್ತಿದ್ದರು. ಮಡಿಕೆ ಮಾಡುವವರ ಮನೆ. ಬಾವಿಕಟ್ಟೆಯ ಅಣ್ಣತಮ್ಮಂದಿರ ಮನೆ. ಮದುವೆಯಾಗಿ ಬಂದ ತಿಂಗಳಿಗೇ ಬಿದ್ದುಹೋದ ಹುಡುಗಿ. ಅಷ್ಟು ಭಾರವಾದ ಸಾಮಾನನ್ನು ನಾನು ನನ್ನ ಉದ್ಯೋಗದಲ್ಲಿ ಎಂದೂ ಎತ್ತಿರಲಿಲ್ಲ.

ಕೊನೆಗೆ ನೆಲಕ್ಕಂಟಿದಂತೆ ಒಂದೇ ಒಂದು ಚಪ್ಪಟೆ ಕಲ್ಲು ಉಳಿಯಿತು. ಅಂಗೈಯಗಲದ್ದು. ಪಟೇಲರ ತಾಯಿ ಯಾವ ಹೆಸರನ್ನೂ ಹೇಳಲಿಲ್ಲ. ಇದಕ್ಕೂ ವಾರಸುದಾರರಿಲ್ಲವೆಂದು ನಾನು ಕೈ ಚಾಚಿದೆ.

"ಬುಡಿ ಬುದ್ಧೀ" ಎಂದಳು ದೇವೀರಮ್ಮ. "ಅದು ನಂದು."

ಎಲ್ಲರೂ ಹಿಂದೆ ಸರಿದರು. ಅವಳು ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. "ಹೆತ್ತ ಮಗಳು ಮೊದಲ್ನೇ ಕಲ್ಲಾಕಿದ್ರೆ ಏಳಾಕಿಲ್ಲ ಅಂತ ಕೈಯಾಗೆ ಕೊಟ್ರು. ಹೊಸದಾಗಿ ಮದುವೆ ಆಗಿತ್ತು. ಆಕ್ದೆ" ಎಂದಳು. ಯಾರು ಕೊಟ್ಟರೆಂದು ಹೇಳಲಿಲ್ಲ. ಕೊಟ್ಟವರು ಅಲ್ಲೇ ನಿಂತಿದ್ದರೋ, ಆ ದೀಪ ಆರಿದ ಮನೆಗಳವರೋ, ನಾನು ಕೇಳಲಿಲ್ಲ.

ಎರಡು ಕೈಯಿಂದ ಆ ಕಲ್ಲನ್ನೆತ್ತಿ ಮಡಿಲಿಗೆ ಹಾಕಿಕೊಂಡಳು. ಕೆಳಗೆ ತೇವದ ಮಣ್ಣಿತ್ತು. ಅದನ್ನು ಸೆರಗಿನಿಂದ ಸವರಿ, ಮುತ್ತುಗದ ಎಲೆ ಹಾಸಿ, ಪಟೇಲರ ಮನೆಯ ಒಲೆಯಲ್ಲಿ ಮಾಡಿ ತಂದಿದ್ದ ಮುದ್ದೆ, ಕೋಳಿಸಾರು, ವೀಳ್ಯದೆಲೆ ಇಟ್ಟಳು. ನಾನು ಕೋಳಿ ಮುಟ್ಟದ ನನ್ನ ಕುಲಾಚಾರದಂತೆ ಒಂದು ಗಳಿಗೆ ಮುಖ ಆಚೆಗಿಟ್ಟುಕೊಂಡೆ, ಆಮೇಲೆ ತಿರುಗಿಸಿದೆ. ಅವಳು ನೆಲದ ಹತ್ತಿರಕ್ಕೆ ಬಾಯಿ ತಂದು, ಮಲಗಿದ ಮಗುವನ್ನು ಎಬ್ಬಿಸುವವರ ಹಾಗೆ ಮೆಲ್ಲನೆ ಕರೆದಳು.

"ಏಳವ್ವ. ಬಾ. ಉಣ್ಣು."

ಕರೀಮನೂ ನಾನೂ ಮಧ್ಯಾಹ್ನದ ಗಾಡಿಯ ಹೊತ್ತಿಗೆ ಸ್ಟೇಷನ್ನಿಗೆ ಮರಳಿದೆವು. ಅವನು ಗೊತ್ತುಮಾಡಿದ್ದ ಪಾರ್ಟಿ ಇಳಿಯಿತು, ಬುಟ್ಟಿ, ಕೊಡೆ, ಕ್ಯಾಮರಾ ಸಮೇತ. ಮುಂದಿದ್ದ ವಕೀಲರು ಕೇಳಿದರು, "ಎಲ್ಲಯ್ಯಾ ನಿನ್ನ ರಕ್ತ ಕುಡಿಯೋಳು? ಇವತ್ತು ಏಳ್ತಾಳೆ ಅಂದಿದ್ದೆಯಲ್ಲ?"

ಕರೀಂ ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ. "ಎದ್ರು ಸ್ವಾಮೀ. ಮಗಳು ಕರೆದ್ಲು, ಎದ್ದು ಊಟ ಮಾಡಿ ಹೋದ್ರು. ಇನ್ನು ಇಲ್ಲಿ ನೋಡೋದೇನೂ ಇಲ್ಲ."

ಅವರು ಅದನ್ನು ತಮಾಷೆಯೆಂದು ತಿಳಿದು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಪಾರ್ಟಿ ಹೊಸ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿ ಉಂಡಿತು. ಆ ವರ್ಷ ಮಿಕ್ಕ ಬೊಂಬೆಗಳ ಮುಖಕ್ಕೆ ಕರೀಮನ ಭಾವಮೈದುನ ಹಳದಿ ಅರಗು ಬಳಿದು, ಗೌರಿಯೆಂದು ಮಾರಿದನೆಂದು ಆಮೇಲೆ ಕೇಳಿದೆ. ದೇವೀರಮ್ಮ ಮರುವರ್ಷದ ಅಮಾವಾಸ್ಯೆಗೆ ಬರಲಿಲ್ಲ. ಆ ಊರಿನಲ್ಲಿ ಪಟೇಲರ ತಾಯಿ ಎರಡು ಎಲೆ ಹಾಕಿದರಂತೆ.

ಆದರೆ ಆ ದಿನದ ಲೆಕ್ಕ ಇಷ್ಟು. ರಜವಿದ್ದರೂ ಸಾಯಂಕಾಲ ಸಹಾಯಕನಿಂದ ಬೀಗದ ಕೈ ತೆಗೆದುಕೊಂಡೆ. ಬಂದವರಿಗೆಲ್ಲ ಬೆಂಗಳೂರಿನ ಟಿಕೆಟ್ಟು ಒತ್ತಿಕೊಟ್ಟೆ. ಗಾಡಿಯನ್ನು ಹೊತ್ತಿಗೆ ಸರಿಯಾಗಿ ಬಿಟ್ಟೆ. ಕೈಮರದ ದೀಪ ಹಚ್ಚಿಸಿದೆ. ಆಮೇಲೆ ನಲ್ಲಿಯ ಹತ್ತಿರ ಹೋಗಿ, ಉಗುರಿನ ಸಂದಿಯ ಮಣ್ಣು ಹೋಗುವವರೆಗೂ ಕೈ ತೊಳೆದುಕೊಂಡೆ.